ಫ್ಯಾನಿನ ಮುಂದೆ ಕೂತ ಗಿಟಾರು

ಬೇಸಿಗೆ ರಜೆಯಲ್ಲಿ ಟೇಬಲ್ ಫ್ಯಾನಿನ ಮುಂದೆ ಮುಖವಿಟ್ಟು ‘ಆ...’ ಎಂದು ಕೂಗದ ಮಕ್ಕಳು ಇರಲಾರರು. ಒಂದೇ ಸಮನೆ ಹೊರಟ ದನಿ ತಿರುಗುವ ರೆಕ್ಕೆಗಳಿಗೆ ಸಿಕ್ಕಿ ತುಂಡುತುಂಡಾಗಿ ಕಿವಿಗೆ ವಾಪಸಾಗುತ್ತದೆ. ವೇಗ ಹೆಚ್ಚಿಸಿದರೆ ತುಂಡುಗಳು ಸಣ್ಣವಾಗುತ್ತವೆ, ತಗ್ಗಿಸಿದರೆ ದೊಡ್ಡವಾಗುತ್ತವೆ. ಮುಖ ಹತ್ತಿರ ತಂದರೆ ನಡುಕ ಜೋರು, ದೂರ ಸರಿದರೆ ಬರಿಯ ಸೋಂಕು. ‘ಗಂಟಲು ಕಟ್ಟುತ್ತೆ, ಏಳು ಅಲ್ಲಿಂದ’ ಎಂದು ಅಡುಗೆಮನೆಯಿಂದ ಗದರಿಕೆ ಬರುವವರೆಗೂ ಆಟ ನಡೆದೇ ಇರುತ್ತದೆ.

ಎಲೆಕ್ಟ್ರಿಕ್ ಗಿಟಾರು ನುಡಿಸುವವರು ಕಾಲ ಬಳಿ ಇಟ್ಟುಕೊಳ್ಳುವ ‘ಟ್ರೆಮೊಲೊ ಪೆಡಲ್’ ಎಂಬ ಅಂಗೈ ಅಗಲದ ಲೋಹದ ಡಬ್ಬಿ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಗಿಟಾರಿನಿಂದ ಬಂದ ತಂತಿ ಅದರ ಒಂದು ಬದಿಗೆ, ಆಂಪ್ಲಿಫೈಯರಿಗೆ ಹೋಗುವ ತಂತಿ ಇನ್ನೊಂದು ಬದಿಗೆ. ಕಾಲಿನಿಂದ ಒಮ್ಮೆ ಒತ್ತಿದರೆ ಸದ್ದು ಹೆಚ್ಚು-ಕಡಿಮೆ, ಹೆಚ್ಚು-ಕಡಿಮೆ ಎಂದು ಮಿಡಿಯತೊಡಗುತ್ತದೆ. ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತದೆ. ವಾಲ್ಯೂಮ್ ಗುಂಡಿಯನ್ನು ಯಾರೋ ಅದೃಶ್ಯ ವ್ಯಕ್ತಿ ದಣಿವಿಲ್ಲದೆ ಅತ್ತಿತ್ತ ತಿರುಗಿಸುತ್ತಿದ್ದಂತೆ. ಕೆಲಸ ಇಷ್ಟೇ. ಆದರೆ ಇಷ್ಟೇ ಕೆಲಸದ ಡಬ್ಬಿ ಮನೆಯಲ್ಲಿ ಜಗಳ ತಂದಿಡಬಲ್ಲದು.

ಅಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಮಗಳು ಎರಡನೆಯ ಪಿಯುಸಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂತೆಂದು ಕೊಡಿಸಿದ ಎಲೆಕ್ಟ್ರಿಕ್ ಗಿಟಾರು ಅವಳದು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಮೂರು ವಾರ ಉಳಿದಿದೆ. ನಾಲ್ವರ ತಂಡ, ಸಿಕ್ಕಿರುವುದು ಒಂದೇ ಹಾಡು. ಗೆಳತಿಯ ಅಣ್ಣ ಬಳಸಿ ಬಿಟ್ಟಿದ್ದ ಟ್ರೆಮೊಲೊ ಪೆಡಲನ್ನು ಅವಳು ಎರಡು ವರ್ಷ ಕೂಡಿಟ್ಟ ದುಡ್ಡು ಕೊಟ್ಟು ತಂದಿದ್ದಾಳೆ. ಮನೆಯಲ್ಲಿ ಜೋಡಿಸಿ ಒತ್ತಿದರೆ ಗಿಟಾರಿನ ಸದ್ದೇ ಕುಗ್ಗಿತು. ಅಭ್ಯಾಸಕ್ಕೆ ಒಯ್ದರೆ ಡ್ರಮ್ಸ್ ಬಾರಿಸುವ ಹುಡುಗ, ‘ನೀನು ತಾಳ ಬಿಡ್ತಾ ಇದೀಯ’ ಎಂದ. ಕರ್ನಾಟಕ ಸಂಗೀತ ಕಲಿತ ಅಮ್ಮ ಬಾಗಿಲಲ್ಲಿ ನಿಂತು ಕೇಳಿ, ‘ಇದೇನೇ ಇದು, ಗಮಕಾನಾ?’ ಎಂದರು. ಅಪ್ಪ ಪೇಪರಿನಿಂದ ಕಣ್ಣು ತೆಗೆಯದೆ, ‘ಕೆಟ್ಟುಹೋಗಿರೋದನ್ನ ನಿನ್ನ ತಲೆಗೆ ಕಟ್ಟಿದಾರೆ. ವಾಪಸ್ ಕೊಟ್ಟು ದುಡ್ಡು ಇಸ್ಕೊಂಡು ಬಾ’ ಎಂದರು. ಮಗಳಿಗೆ ಅಳು ಬರುವುದೊಂದು ಬಾಕಿ.

ಡಬ್ಬಿ ಕೆಟ್ಟಿಲ್ಲ. ಹುಡುಗಿಯ ತಾಳಜ್ಞಾನವೂ ಕೆಟ್ಟಿಲ್ಲ. ಮೂವರ ಮಾತಿಗೂ ಉತ್ತರವಿದೆ, ಒಂದೊಂದಾಗಿ ನೋಡಬೇಕು.

ಮೊದಲು ಅಮ್ಮನ ಪ್ರಶ್ನೆ. ವೀಣೆಯಲ್ಲಿ ತಂತಿಯನ್ನು ಮೆಟ್ಟಿಲ ಮೇಲೆ ಅಡ್ಡಕ್ಕೆ ಎಳೆದು ಬಿಟ್ಟಾಗ ಸ್ವರ ತನ್ನ ಸ್ಥಾನ ಬಿಟ್ಟು ಮೇಲೆ ಹೋಗಿ ಮರಳುತ್ತದೆ. ಕಂಪಿತ ಗಮಕದಲ್ಲಿ ಅಲುಗಾಡುವುದು ಸ್ವರಸ್ಥಾನವೇ. ಟ್ರೆಮೊಲೊದಲ್ಲಿ ಸ್ವರ ಕದಲುವುದಿಲ್ಲ. ಷಡ್ಜ ಷಡ್ಜವಾಗಿಯೇ ಇರುತ್ತದೆ. ಅದರ ಬಲ ಮಾತ್ರ ಏರಿಳಿಯುತ್ತದೆ. ಪಾಶ್ಚಾತ್ಯರು ಸ್ವರದ ಓಲಾಟವನ್ನು ‘ವೈಬ್ರಾಟೊ’ ಎಂದೂ, ಬಲದ ಓಲಾಟವನ್ನು ‘ಟ್ರೆಮೊಲೊ’ ಎಂದೂ ಕರೆಯುತ್ತಾರೆ. ಟ್ರೆಮೊಲೊ ಇಟಾಲಿಯನ್ ಪದ, ನಡುಗುವುದು ಎಂದರ್ಥ. ಗಮಕವನ್ನು ಈ ಪೆಡಲಿನಿಂದ ತೆಗೆಯಬಹುದೆಂದು ಯಾರಾದರೂ ಅಂಗಡಿಯಲ್ಲಿ ಹೇಳಿದರೆ ನಂಬಬೇಕಿಲ್ಲ. ಅದು ಬೆರಳಿನ ವಿದ್ಯೆ.

ಈ ಎರಡು ಪದಗಳನ್ನು ಅದಲುಬದಲು ಮಾಡಿ ಲೋಕವನ್ನೇ ಗೊಂದಲಕ್ಕೆ ಕೆಡವಿದವರು ಸಾಮಾನ್ಯರಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದ ಲಿಯೊ ಫೆಂಡರ್ ಮುಂದೆ ಜಗತ್ತಿನ ಅತಿ ಪ್ರಸಿದ್ಧ ಗಿಟಾರುಗಳನ್ನು ಮಾಡಿದರು. ಸ್ವತಃ ಗಿಟಾರು ನುಡಿಸಲು ಬರುತ್ತಿರಲಿಲ್ಲ ಎಂಬುದು ಅವರ ಬಗೆಗಿನ ಸ್ವಾರಸ್ಯ. 1954ರಲ್ಲಿ ಹೊರಬಂದ ಅವರ ‘ಸ್ಟ್ರಾಟೊಕಾಸ್ಟರ್’ ಗಿಟಾರಿನ ಸೇತುವೆಗೆ ಒಂದು ಸಣ್ಣ ಹಿಡಿಕೆಯಿತ್ತು. ಅದನ್ನು ಅದುಮಿದರೆ ತಂತಿಗಳು ಸಡಿಲವಾಗಿ ಸ್ವರ ಇಳಿಯುತ್ತದೆ. ಅಂದರೆ ವೈಬ್ರಾಟೊ. ಫೆಂಡರ್ ಅದಕ್ಕಿಟ್ಟ ಹೆಸರು ಟ್ರೆಮೊಲೊ! ಅದೇ ಕಂಪನಿಯ ಆಂಪ್ಲಿಫೈಯರುಗಳಲ್ಲಿ ಸದ್ದಿನ ಬಲವನ್ನು ಏರಿಳಿಸುವ ವ್ಯವಸ್ಥೆ ಬಂದಾಗ ಹಲವು ಮಾದರಿಗಳ ಮೇಲೆ ‘ವೈಬ್ರಾಟೊ’ ಎಂದು ಅಚ್ಚಾಯಿತು. ಅದು ನಿಜವಾಗಿ ಟ್ರೆಮೊಲೊ. ಇಂದಿಗೂ ಗಿಟಾರಿನ ಹಿಡಿಕೆಯನ್ನು ಟ್ರೆಮೊಲೊ ಆರ್ಮ್ ಎಂದೇ ಕರೆಯುತ್ತಾರೆ. ಇದು ಸಾಲದೆಂಬಂತೆ ಪಿಟೀಲು, ಮ್ಯಾಂಡೊಲಿನ್‌ಗಳಲ್ಲಿ ಒಂದೇ ಸ್ವರವನ್ನು ಅತಿ ವೇಗವಾಗಿ ಮತ್ತೆ ಮತ್ತೆ ನುಡಿಸುವುದಕ್ಕೂ ಟ್ರೆಮೊಲೊ ಎಂಬ ಹೆಸರಿದೆ. ಸಂತೂರ್ ಕಡ್ಡಿಗಳ ಬಿರುಮಳೆಯನ್ನು ಕೇಳಿದವರಿಗೆ ಆ ಪರಿಣಾಮ ಗೊತ್ತು. ಹಾಗಾಗಿ ಅಂಗಡಿಯಲ್ಲಿ ‘ಟ್ರೆಮೊಲೊ ಕೊಡಿ’ ಎಂದರೆ ಹಿಡಿಕೆ ಕೈಗೆ ಬರಬಹುದು. ‘ಟ್ರೆಮೊಲೊ ಪೆಡಲ್’ ಎಂದೇ ಕೇಳಬೇಕು.

ಪೆಡಲ್‌ಗಳ ವಂಶವೃಕ್ಷದಲ್ಲಿ ಇದು ಮೂಲಪುರುಷ. ಗಿಟಾರಿಗೆಂದೇ ಬಿಡಿಯಾಗಿ ಮಾರಾಟಕ್ಕೆ ಬಂದ ಮೊದಲ ಎಫೆಕ್ಟ್ ಸಾಧನ ಎಂದು ಹೆಸರಾದದ್ದು ಅಮೆರಿಕದ ಒಹಾಯೊ ರಾಜ್ಯದ ಟೊಲೆಡೊ ನಗರದಲ್ಲಿ 1940ರ ದಶಕದಲ್ಲಿ ತಯಾರಾದ ‘ಡಿಆರ್ಮಂಡ್ ಟ್ರೆಮೊಲೊ ಕಂಟ್ರೋಲ್’. ಅದರೊಳಗಿನ ಕರಾಮತ್ತು ಇಂದು ಕೇಳಿದರೆ ನಗು ಬರುತ್ತದೆ. ಟ್ರಾನ್ಸಿಸ್ಟರ್ ಇನ್ನೂ ಬಳಕೆಗೆ ಬಾರದ ಕಾಲ. ಡಬ್ಬಿಯೊಳಗೆ ಒಂದು ಮೋಟರು, ಅದಕ್ಕೆ ಅಂಟಿಕೊಂಡಂತೆ ಒಂದು ಪುಟ್ಟ ಕುಪ್ಪಿ, ಕುಪ್ಪಿಯೊಳಗೆ ವಿದ್ಯುತ್ತು ಹರಿಯಬಲ್ಲ ದ್ರವ. ಮೋಟರು ತಿರುಗಿದಂತೆ ಕುಪ್ಪಿ ಅತ್ತಿತ್ತ ತುಳುಕುತ್ತದೆ. ತುಳುಕಿದ ದ್ರವ ಒಳಗಿನ ಸೂಜಿಯನ್ನು ಮುಟ್ಟಿದಾಗಲೆಲ್ಲ ಗಿಟಾರಿನ ಸಂಕೇತದ ಒಂದು ಪಾಲು ನೆಲಕ್ಕೆ, ಅಂದರೆ ಅರ್ಥ್‌ಗೆ, ಸೋರಿಹೋಗುತ್ತದೆ, ಸದ್ದು ತಗ್ಗುತ್ತದೆ. ದ್ರವ ಹಿಂದಕ್ಕೆ ಸರಿದರೆ ಸದ್ದು ಮತ್ತೆ ಮೇಲೇಳುತ್ತದೆ. ನೀರು ತುಳುಕುವುದು ಒಮ್ಮೆಲೇ ಅಲ್ಲವಲ್ಲ, ಹಾಗಾಗಿ ಏರಿಳಿತವೂ ನಯ. ಹೊಟ್ಟೆಯಲ್ಲಿ ನೀರು ತುಂಬಿಕೊಂಡ ಈ ಡಬ್ಬಿಯ ದನಿಯನ್ನು ಹುಡುಕಿಕೊಂಡು ಹೋಗುವವರು ಈಗಲೂ ಇದ್ದಾರೆ.

ಅದನ್ನು ಲೋಕಪ್ರಸಿದ್ಧ ಮಾಡಿದವರಲ್ಲಿ ಬೋ ಡಿಡ್ಲಿ ಮುಖ್ಯ. 1928ರಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಹುಟ್ಟಿ ಎಳವೆಯಲ್ಲೇ ಶಿಕಾಗೊ ಸೇರಿದ ಕಪ್ಪು ಹುಡುಗ. ಚರ್ಚಿನಲ್ಲಿ ವರ್ಷಗಟ್ಟಲೆ ಪಿಟೀಲು ಅಭ್ಯಾಸ, ಶಾಲೆ ಎಂದರೆ ಕೈಕಸುಬು ಕಲಿಸುವ ವೃತ್ತಿಶಿಕ್ಷಣ ಶಾಲೆ. ಮರ ಕೊರೆದು ವಾದ್ಯ ಮಾಡುವುದು, ಕೆಟ್ಟ ಯಂತ್ರ ಬಿಚ್ಚಿ ನೋಡುವುದು ಅವನಿಗೆ ಸಲೀಸು. ಕೊಂಡ ಪೆಡಲ್ ಕೈಗೆ ಬರುವ ಮೊದಲು ಕಾರಿನ ಇಂಜಿನ್ ಬಿಡಿಭಾಗ ಮತ್ತು ಕೀಲಿ ಕೊಡುವ ದೊಡ್ಡ ಗಡಿಯಾರ ಸೇರಿಸಿ ತಾನೇ ಒಂದು ಟ್ರೆಮೊಲೊ ಮಾಡಿಕೊಂಡಿದ್ದಾಗಿ ಆತ ಸಂದರ್ಶನದಲ್ಲಿ ಹೇಳಿಕೊಂಡದ್ದುಂಟು. 1955ರಲ್ಲಿ ಅವನ ಹೆಸರನ್ನೇ ಹೊತ್ತ ‘ಬೋ ಡಿಡ್ಲಿ’ ಹಾಡು ಹೊರಬಂತು. ಅದರಲ್ಲಿ ಗಿಟಾರು ರಾಗ ನುಡಿಸುವುದೇ ಕಡಿಮೆ. ಕೈ ಒಂದು ಲಯ ಹಿಡಿದಿರುತ್ತದೆ, ಪೆಡಲ್ ಇನ್ನೊಂದು ಮಿಡಿತ ಕೊಡುತ್ತದೆ, ಪಕ್ಕದಲ್ಲಿ ಬುರುಡೆಯೊಳಗೆ ಕಾಳು ಹಾಕಿದಂಥ ಮರಾಕಸ್ ಗಲಗಲಿಸುತ್ತದೆ. ಒಂದೇ ಗಿಟಾರು ಒಂದು ತಾಳವಾದ್ಯದ ಮೇಳದಂತೆ ಕೇಳುತ್ತದೆ. ಮನೆಯಲ್ಲಿ ಮಗ ಹಳೆಯ ಅಲಾರಂ ಗಡಿಯಾರ ಬಿಚ್ಚಿ ಹರಡಿಕೊಂಡು ಕೂತರೆ ಎಲ್ಲ ಸಲವೂ ಗದರಬೇಕಾಗಿಲ್ಲ.

ಅದೇ ಶಿಕಾಗೊದಲ್ಲಿ ಇನ್ನೊಂದು ಕುಟುಂಬದ ಕತೆ ನಡೆಯುತ್ತಿತ್ತು. ರೋಬಕ್ ಸ್ಟೇಪಲ್ಸ್ ಎಂಬಾತ ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ಬೆಳೆದು, ದುಡಿಮೆ ಹುಡುಕಿಕೊಂಡು ಬಂದವನು. ಹಗಲೆಲ್ಲ ಕೂಲಿ ಕೆಲಸ. ಉಳಿದ ಹೊತ್ತಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಗಿಟಾರಿನಲ್ಲಿ ಒಬ್ಬೊಬ್ಬರಿಗೂ ಅವರವರ ಸ್ವರ ಹಿಡಿದು ಕೊಟ್ಟು ಭಕ್ತಿಗೀತೆ ಹಾಡಿಸುವುದು. 1948ರಲ್ಲಿ ಚರ್ಚುಗಳಲ್ಲಿ ಹಾಡತೊಡಗಿದ ಈ ಅಪ್ಪ-ಮಕ್ಕಳ ತಂಡವೇ ‘ದ ಸ್ಟೇಪಲ್ ಸಿಂಗರ್ಸ್’. 1956ರಲ್ಲಿ ಬಂದ ಅವರ ‘ಅನ್‌ಕ್ಲೌಡಿ ಡೇ’ ಧ್ವನಿಮುದ್ರಿಕೆಯಲ್ಲಿ ಪಕ್ಕವಾದ್ಯ ಎಂದು ಹೇಳುವಂಥದು ಹೆಚ್ಚೇನೂ ಇಲ್ಲ. ಅಪ್ಪ ಒಂದೊಂದೇ ಸ್ವರವನ್ನು ಮೀಟಿ ಬಿಡುತ್ತಾನೆ. ಟ್ರೆಮೊಲೊಗೆ ಸಿಕ್ಕಿದ ಆ ಸ್ವರ ದೀಪದ ಕುಡಿಯಂತೆ ತೊನೆಯುತ್ತ ನಿಧಾನಕ್ಕೆ ಆರುತ್ತದೆ. ಅಷ್ಟು ಜಾಗದಲ್ಲಿ ಮಕ್ಕಳ ಹಾಡು ತುಂಬಿಕೊಳ್ಳುತ್ತದೆ. ಟ್ರೆಮೊಲೊ ಬಳಸುವುದನ್ನು ಕಲಿಯುವವರು ಬೋ ಡಿಡ್ಲಿಯನ್ನು ಒಂದು ಸಲ ಕೇಳಿದರೆ ಸ್ಟೇಪಲ್ಸರನ್ನು ಮೂರು ಸಲ ಕೇಳಬೇಕು. ಕಡಿಮೆ ನುಡಿಸಿದಷ್ಟೂ ಈ ಯಂತ್ರ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಮುಂದೆ ಟ್ರೆಮೊಲೊ ಡಬ್ಬಿಯಿಂದ ಎದ್ದು ಆಂಪ್ಲಿಫೈಯರಿನೊಳಗೇ ಸೇರಿಕೊಂಡಿತು. ಫೆಂಡರ್ ಕಂಪನಿಯ ‘ಟ್ರೆಮೊಲಕ್ಸ್’ ಬಂದದ್ದು 1955ರಲ್ಲಿ. 1960ರ ದಶಕದ ಫೆಂಡರ್ ಆಂಪ್ಲಿಫೈಯರುಗಳ ವಿಧಾನ ಸರಳವೂ ಚಂದವೂ ಆಗಿತ್ತು. ಕಪ್ಪು ಕವಚದೊಳಗೆ ಒಂದು ಪುಟಾಣಿ ನಿಯಾನ್ ದೀಪ, ಅದರೆದುರು ಬೆಳಕು ಬಿದ್ದರೆ ರೋಧ ಕಡಿಮೆಯಾಗುವ ಒಂದು ಬಿಡಿಭಾಗ. ದೀಪ ಮಿನುಗಿದಂತೆಲ್ಲ ಸಂಕೇತ ಸೋರುತ್ತದೆ. ಕುಪ್ಪಿಯ ನೀರು ಮಾಡುತ್ತಿದ್ದ ಕೆಲಸವನ್ನು ಬೆಳಕು ವಹಿಸಿಕೊಂಡಿತು, ಅಷ್ಟೆ. ಆಮೇಲೆ ಟ್ರಾನ್ಸಿಸ್ಟರು, ಚಿಪ್ಪುಗಳು ಬಂದು ಟ್ರೆಮೊಲೊ ಮತ್ತೆ ಪೆಡಲ್ ಆಗಿ ಕಾಲ ಬಳಿಗೆ ಇಳಿಯಿತು. ಜಪಾನಿನ ಬಾಸ್ ಕಂಪನಿ 1997ರಲ್ಲಿ ತಂದ ‘ಟಿಆರ್-2’ ಬಹಳ ಕಡೆ ಕಾಣಸಿಗುವ ಮಾದರಿ. ಕಲ್ಪಿಸಿಕೊಂಡ ಹುಡುಗಿಯ ಕೈಲಿರುವುದೂ ಅದೇ ಎಂದುಕೊಂಡರೆ ವಿವರಿಸುವುದು ಸುಲಭ.

ಈಗ ಅಪ್ಪನ ಸರದಿ. ಅವರಿಗೆ ಇದು ತಿಳಿಯದ ವಿಷಯವೇನಲ್ಲ. ತಿಳಿದಿದೆ ಎಂಬುದು ತಿಳಿದಿಲ್ಲ. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್ ಮೀಡಿಯಂ ವೇವ್‌ನಲ್ಲಿ ಬರುತ್ತಿದ್ದಾಗ ಅವರ ರೇಡಿಯೊ ಹಿಡಿಯುತ್ತಿದ್ದದ್ದು ಇಂಥದೇ ಸಂಕೇತವನ್ನು. ಆವೃತ್ತಿ ಬದಲಾಗದ ಒಂದು ಅಲೆ, ಅದರ ಎತ್ತರ ಮಾತ್ರ ಮಾತಿಗೆ, ಹಾಡಿಗೆ ತಕ್ಕಂತೆ ಏರಿಳಿಯುವುದು. ಅದಕ್ಕೆ ಆಂಪ್ಲಿಟ್ಯೂಡ್ ಮಾಡ್ಯುಲೇಷನ್, ಎ.ಎಂ. ಎಂದು ಹೆಸರು. ಪಿಯುಸಿ ಭೌತಶಾಸ್ತ್ರದ ಪುಸ್ತಕದಲ್ಲಿ ಬಹಳ ವರ್ಷ ಈ ಪಾಠವಿತ್ತು. ಟ್ರೆಮೊಲೊ ಎಂದರೆ ಎ.ಎಂ.; ಅಲೆಯ ಎತ್ತರ ಹಾಗೇ ಇದ್ದು ಆವೃತ್ತಿ ಓಲಾಡುವ ವೈಬ್ರಾಟೊ ಎಂದರೆ ಎಫ್.ಎಂ. ರೇಡಿಯೊದಲ್ಲಿ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕಂಪಿಸುವ ಅಲೆ, ಇಲ್ಲಿ ಗಿಟಾರಿನ ಸ್ವರ. ವ್ಯತ್ಯಾಸ ಅಷ್ಟೇ. 440 ಹರ್ಟ್ಸ್‌ನ ಒಂದು ಸ್ವರವನ್ನು ಸೆಕೆಂಡಿಗೆ 5 ಸಲ ಏರಿಳಿಸಿದರೆ, ತ್ರಿಕೋನಮಿತಿಯ ಸೂತ್ರದಂತೆ, 435 ಮತ್ತು 445 ಹರ್ಟ್ಸ್‌ಗಳೂ ಅದರೊಳಗೆ ಹುಟ್ಟಿಕೊಳ್ಳುತ್ತವೆ. ಮೂರೂ ಅಕ್ಕಪಕ್ಕ ಇರುವುದರಿಂದ ಕಿವಿ ಅವನ್ನು ಬೇರೆ ಮಾಡದೆ ಒಂದೇ ಸ್ವರದ ಮಿಡಿತವಾಗಿ ಕೇಳುತ್ತದೆ. ‘ಸೈನ್ ಗುಣಿಸು ಸೈನ್ ಕಲಿತು ಏನಾಗಬೇಕು’ ಎಂದು ಕೇಳುವ ವಿದ್ಯಾರ್ಥಿಗೆ ಕಾಲಲ್ಲಿ ಒತ್ತಿ ತೋರಿಸಬಹುದಾದ ಉತ್ತರ ಇದು.

ಸದ್ದು ಕುಗ್ಗಿದ್ದೇಕೆ ಎಂಬುದಕ್ಕೂ ಲೆಕ್ಕವಿದೆ. ಪೆಡಲ್ ಸದ್ದನ್ನು ಮೊದಲಿದ್ದ ಮಟ್ಟಕ್ಕಿಂತ ಮೇಲೆ ಏರಿಸದೆ, ಅಲ್ಲಿಂದ ಸೊನ್ನೆಗೆ ಇಳಿಸಿ ಮತ್ತೆ ಅಲ್ಲಿಗೇ ತಂದು ಬಿಡುತ್ತದೆ ಎಂದುಕೊಳ್ಳೋಣ. ನಯವಾದ ಅಲೆಯಂತೆ ಏರಿಳಿದರೆ ಸರಾಸರಿ ಶಕ್ತಿ ಮೊದಲಿನ ಎಂಟರಲ್ಲಿ ಮೂರು ಪಾಲು ಮಾತ್ರ ಉಳಿಯುತ್ತದೆ. ಅಂದರೆ ಸುಮಾರು 4 ಡೆಸಿಬೆಲ್ ಇಳಿಕೆ. ಅರ್ಧ ಹೊತ್ತು ಪೂರ್ತಿ ಸದ್ದು, ಅರ್ಧ ಹೊತ್ತು ಮೌನ ಎಂಬಂತೆ ಕತ್ತರಿಸಿದರೆ 3 ಡೆಸಿಬೆಲ್. ಯಂತ್ರ ಸರಿಯಾಗಿದ್ದರೂ ದನಿ ಸಣ್ಣಗೆ ಕೇಳುವುದು ಇದಕ್ಕೇ. ಟಿಆರ್-2 ಬಗ್ಗೆ ಈ ದೂರು ಬಹಳ ಹಳೆಯದು. ಕೆಲವು ಪೆಡಲ್‌ಗಳಲ್ಲಿ ಇದನ್ನು ಸರಿದೂಗಿಸಲು ‘ಲೆವೆಲ್’ ಎಂಬ ಬೇರೆ ಗುಂಡಿ ಇರುತ್ತದೆ, ಇದರಲ್ಲಿಲ್ಲ. ಹಾಡಿನುದ್ದಕ್ಕೂ ಟ್ರೆಮೊಲೊ ಬೇಕಿದ್ದರೆ ಆಂಪ್ಲಿಫೈಯರನ್ನೇ ಸ್ವಲ್ಪ ಏರಿಸಿಟ್ಟುಕೊಂಡರಾಯಿತು. ನಡುನಡುವೆ ಒತ್ತುವುದಾದರೆ ಗಿಟಾರಿನ ವಾಲ್ಯೂಮನ್ನು ಮೊದಲು ತುಸು ತಗ್ಗಿಸಿಟ್ಟುಕೊಂಡು, ಪೆಡಲ್ ಒತ್ತಿದಾಗ ಪೂರ್ತಿ ತೆರೆಯಬೇಕು. ಕಿರುಬೆರಳಿಗೆ ಒಂದು ವಾರದ ಅಭ್ಯಾಸ.

ಪೆಡಲಿನ ಮೇಲೆ ಮೂರು ಗುಂಡಿಗಳಿವೆ: ರೇಟ್, ಡೆಪ್ತ್, ವೇವ್. ರೇಟ್ ಫ್ಯಾನಿನ ರೆಗ್ಯುಲೇಟರ್ ಇದ್ದಂತೆ, ಸೆಕೆಂಡಿಗೆ ಎಷ್ಟು ಮಿಡಿತ ಎಂಬುದು. ಡೆಪ್ತ್ ಎಂದರೆ ಫ್ಯಾನಿಗೆ ಮುಖ ಎಷ್ಟು ಹತ್ತಿರ ಎಂಬುದು. ಹೊಸಬರು ಇದನ್ನು ಕಾಲು ಭಾಗ ತಿರುಗಿಸಿ, ಏನೂ ಆಗಲಿಲ್ಲವೆಂದು ಪೂರ್ತಿ ತಿರುಗಿಸಿಬಿಡುತ್ತಾರೆ. ಆದರೆ ಕಿವಿಯ ಲೆಕ್ಕ ಬೇರೆ. ವೋಲ್ಟೇಜು ಅರ್ಧಕ್ಕೆ ಇಳಿದರೂ ಅದು 6 ಡೆಸಿಬೆಲ್ ಮಾತ್ರ. ಸದ್ದು ಅರ್ಧವಾಯಿತೆಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ಕೋಣೆಯಲ್ಲಿ ಕೇಳಿಸದ ಮಿಡಿತವೂ ಹಾಡಿನ ಅಡಿಯಲ್ಲಿ ಕೆಲಸ ಮಾಡುತ್ತಿರುತ್ತದೆ. ಅರ್ಧದಿಂದ ಮುಕ್ಕಾಲರೊಳಗೆ ನಿಲ್ಲಿಸಿ, ಎದುರಿನವರು ಅದನ್ನು ಗಮನಿಸದೆ ತಗ್ಗಿಸಿದಾಗ ಮಾತ್ರ ‘ಏನೋ ಕಡಿಮೆಯಾಯ್ತಲ್ಲ’ ಎಂದರೆ, ಅದೇ ಸರಿಯಾದ ಅಳತೆ. ವೇವ್ ಗುಂಡಿ ಏರಿಳಿತದ ಆಕಾರಕ್ಕೆ. ಒಂದು ಕೊನೆಯಲ್ಲಿ ಗುಡ್ಡ ಹತ್ತಿ ಇಳಿದಂತೆ, ಇನ್ನೊಂದು ಕೊನೆಯಲ್ಲಿ ಮೆಟ್ಟಿಲಿನಿಂದ ಧುಮುಕಿದಂತೆ. ಮೊದಲನೆಯದು ಸ್ಟೇಪಲ್ಸ್ ಮಾದರಿಯ ಹಾಡುಗಳಿಗೆ, ಎರಡನೆಯದು ಯಂತ್ರದ ಸದ್ದು ಬೇಕೆನ್ನುವವರಿಗೆ.

ಇನ್ನು ಡ್ರಮ್ಸ್ ಹುಡುಗನ ಆಪಾದನೆ. ಇದೇ ಎಲ್ಲಕ್ಕಿಂತ ಗಂಭೀರ, ಏಕೆಂದರೆ ತಂಡ ಒಡೆಯುವುದು ಇಂಥಲ್ಲೇ. ಹಾಡಿನ ವೇಗ ನಿಮಿಷಕ್ಕೆ 90 ಏಟು ಎಂದುಕೊಂಡರೆ ಸೆಕೆಂಡಿಗೆ ಒಂದೂವರೆ ಏಟಾಯಿತು. ಏಟಿಗೆ ಎರಡು ಮಿಡಿತ ಬೇಕಾದರೆ ರೇಟ್ 3 ಇರಬೇಕು, ಮೂರು ಬೇಕಾದರೆ 4.5, ನಾಲ್ಕಾದರೆ 6. ಗುಂಡಿಯ ಮೇಲೆ ಈ ಅಂಕಿಗಳು ಬರೆದಿರುವುದಿಲ್ಲ. ಗಡಿಯಾರ ಎದುರಿಗಿಟ್ಟುಕೊಂಡು 10 ಸೆಕೆಂಡಿನಲ್ಲಿ ಎಷ್ಟು ಮಿಡಿತ ಎಂದು ಎಣಿಸಬೇಕು. 30 ಬಂದರೆ ಸರಿ. 31 ಬಂತೆನ್ನಿ. ಒಂದೇ ತಾನೆ ಎನ್ನಿಸುತ್ತದೆ. ಆದರೆ ಶುರುವಿನಲ್ಲಿ ತಾಳದ ಏಟಿಗೆ ಸರಿಯಾಗಿ ಬಿದ್ದ ಮಿಡಿತದ ಶಿಖರ ಐದೇ ಸೆಕೆಂಡಿನಲ್ಲಿ ಅರ್ಧ ಹೆಜ್ಜೆ ಸರಿದು, ಏಟು ಬೀಳುವ ಹೊತ್ತಿಗೆ ಗಿಟಾರು ಕಣಿವೆಯಲ್ಲಿರುತ್ತದೆ. ಹುಡುಗಿ ಸರಿಯಾದ ಕ್ಷಣಕ್ಕೇ ಮೀಟಿರುತ್ತಾಳೆ. ಸದ್ದು ಹೊರಬರುವುದು ಮಾತ್ರ ಯಂತ್ರ ಬಾಗಿಲು ತೆರೆದಾಗ. ಡ್ರಮ್ಸ್ ಹುಡುಗನಿಗೆ ಕೇಳಿಸುವುದು ತಡವಾದ ಸದ್ದು. ಅವನು ಹೇಳಿದ್ದು ಸುಳ್ಳಲ್ಲ, ಅವಳು ತಪ್ಪಿದ್ದೂ ಅಲ್ಲ.

ಈ ತೊಂದರೆ ದೊಡ್ಡವರನ್ನೂ ಬಿಟ್ಟಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ‘ದ ಸ್ಮಿತ್ಸ್’ ತಂಡದ ‘ಹೌ ಸೂನ್ ಈಸ್ ನೌ?’ ಎಂಬ ಹಾಡು 1984ರಲ್ಲಿ ಹೊರಬಂತು. ಟ್ರೆಮೊಲೊ ಎಂದ ಕೂಡಲೇ ಗಿಟಾರು ವಾದಕರ ನೆನಪಿಗೆ ಬರುವುದು ಅದೇ. ವಾದಕ ಜಾನಿ ಮಾರ್ ಮೊದಲು ಯಾವ ನಡುಕವೂ ಇಲ್ಲದೆ ಗಿಟಾರನ್ನು ಧ್ವನಿಮುದ್ರಿಸಿದರು. ಆಮೇಲೆ ಅದನ್ನು ನಾಲ್ಕು ಹಳೆಯ ಫೆಂಡರ್ ಟ್ವಿನ್ ಆಂಪ್ಲಿಫೈಯರುಗಳ ಮೂಲಕ ಹರಿಸಿ, ನಾಲ್ಕರ ಟ್ರೆಮೊಲೊವನ್ನೂ ಹಾಡಿನ ಲಯಕ್ಕೆ ಹೊಂದಿಸಲು ಅವರೂ ನಿರ್ಮಾಪಕ ಜಾನ್ ಪೋರ್ಟರೂ ಗುಂಡಿಗಳನ್ನು ಕೈಯಿಂದ ತಿರುಗಿಸುತ್ತ ಕೂತರು. ಹೊಂದಿಕೊಂಡದ್ದು ಕೆಲವು ಸೆಕೆಂಡು. ಜಾರಿದ ಕೂಡಲೇ ಟೇಪು ನಿಲ್ಲಿಸುವುದು, ಸರಿಮಾಡುವುದು, ಮತ್ತೆ ಮುಂದುವರಿಸುವುದು. ಸುಮಾರು ಹತ್ತು ಹತ್ತು ಸೆಕೆಂಡಿನ ತುಂಡುಗಳಾಗಿ ಆ ಹಾಡಿನ ಗಿಟಾರನ್ನು ಕೂಡಿಸಿದರಂತೆ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಹೀಗೆ ನಿಲ್ಲಿಸಿ ಮುಂದುವರಿಸಲು ಯಾರೂ ಬಿಡುವುದಿಲ್ಲ.

ವೇದಿಕೆಗೆ ದಾರಿಗಳು ಬೇರೆ. ಕಾಲಿನಿಂದ ತಾಳ ತಟ್ಟಿ ಮಿಡಿತವನ್ನು ಹೊಂದಿಸುವ ಸೌಲಭ್ಯವಿರುವ ಪೆಡಲ್‌ಗಳು ಈಗ ಇವೆ. ಅದಿಲ್ಲದವರು ಡೆಪ್ತ್ ಇಳಿಸಿ, ವೇವನ್ನು ನಯದ ಕಡೆಗೆ ತಿರುಗಿಸಬೇಕು. ಕಣಿವೆ ಆಳವಿಲ್ಲದಿದ್ದರೆ ಮೀಟು ಎಲ್ಲಿ ಬಿದ್ದರೂ ಕೇಳಿಸುತ್ತದೆ, ಜಾರಿದ್ದು ಯಾರಿಗೂ ತಿಳಿಯುವುದಿಲ್ಲ. ಇಲ್ಲವೇ ಸೆಕೆಂಡಿಗೆ ಆರೇಳು ಮಿಡಿತದಷ್ಟು ವೇಗವಾಗಿಟ್ಟರೆ ಅದು ತಾಳವೆನ್ನಿಸದೆ ಬರಿಯ ಹೊಳಪಾಗಿ ಉಳಿಯುತ್ತದೆ. ಆಳವಾದ, ನಿಧಾನದ ಕತ್ತರಿಕೆಯೇ ಬೇಕೆಂದು ಹಟವಿದ್ದರೆ ಹಾಡನ್ನು ಗಿಟಾರಿನಿಂದ ಆರಂಭಿಸಿ, ಡ್ರಮ್ಸ್ ಅದನ್ನು ಕೇಳಿಸಿಕೊಂಡು ಸೇರಿಕೊಳ್ಳಬೇಕು. ಆಗ ಯಂತ್ರವೇ ತಾಳ ಹಾಕುವ ಗುರು. ಡ್ರಮ್ಸಿನವನ ಕಿವಿಗೆ ಗಿಟಾರು ಚೆನ್ನಾಗಿ ಕೇಳಿಸುವಂತೆ ಸ್ಪೀಕರ್ ಇಡುವುದು ಇಲ್ಲಿ ಅರ್ಧ ಕೆಲಸ.

ನುಡಿಸುವ ಕ್ರಮವೂ ಸ್ವಲ್ಪ ಬದಲಾಗಬೇಕು. ಬಿರುಸಿನ ತಾನಗಳಿಗೆ ಟ್ರೆಮೊಲೊ ಒಗ್ಗದು. ಕೆಲವು ಸ್ವರ ಶಿಖರದಲ್ಲಿ, ಕೆಲವು ಕಣಿವೆಯಲ್ಲಿ ಬಿದ್ದು ಅರ್ಧಂಬರ್ಧ ಕೇಳುತ್ತವೆ. ಒಂದು ಕಾರ್ಡ್ ಮೀಟಿ ಅದನ್ನು ಉಳಿಯಲು ಬಿಡುವ ಜಾಗಗಳೇ ಇದರ ಮನೆ. ದನಿಯನ್ನು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್ ಜೊತೆಗಿದ್ದರೆ ಟ್ರೆಮೊಲೊವನ್ನು ಅದರ ನಂತರ ಇಡುವುದು ವಾಡಿಕೆ. ಮೊದಲು ಇಟ್ಟರೆ ಏರಿಳಿತವನ್ನು ಡಿಸ್ಟಾರ್ಷನ್ ಮಟ್ಟಸ ಮಾಡಿಬಿಡುತ್ತದೆ. ಬಲ ಏರಿಳಿಯುವ ಬದಲು ಒರಟುತನ ಏರಿಳಿಯುತ್ತದೆ. ಅದೂ ಕೆಲವರಿಗೆ ಇಷ್ಟ. ಎರಡೂ ಬಗೆಯಲ್ಲಿ ಜೋಡಿಸಿ ಕೇಳಲು ಐದು ನಿಮಿಷ ಸಾಕು.

ದುಡ್ಡಿನ ಮಾತು ತಂದೆ-ತಾಯಿಗೆ. ಈ ಪೆಡಲ್ ಇಲ್ಲದೆ ಗಿಟಾರು ಕಲಿಕೆ ನಿಲ್ಲುವುದಿಲ್ಲ. ಹಲವು ಎಫೆಕ್ಟುಗಳು ಒಂದೇ ಡಬ್ಬಿಯಲ್ಲಿರುವ ಸಾಧನಗಳಲ್ಲಿ, ಕಂಪ್ಯೂಟರಿನ ಉಚಿತ ತಂತ್ರಾಂಶಗಳಲ್ಲಿ ಟ್ರೆಮೊಲೊ ಇದ್ದೇ ಇರುತ್ತದೆ. ಎರಡು ವಾಲ್ಯೂಮ್ ಗುಂಡಿಗಳಿರುವ ಲೆಸ್ ಪಾಲ್ ಮಾದರಿಯ ಗಿಟಾರಾದರೆ ಒಂದು ಕಾಸೂ ಬೇಡ. ಒಂದು ಪಿಕಪ್ಪಿನ ವಾಲ್ಯೂಮನ್ನು ಸೊನ್ನೆಗಿಟ್ಟು, ಇನ್ನೊಂದನ್ನು ತೆರೆದು, ಸ್ವಿಚ್ಚನ್ನು ತಾಳಕ್ಕೆ ಸರಿಯಾಗಿ ಅತ್ತಿತ್ತ ಹಾಕಿದರೆ ಕತ್ತರಿಸಿದಂಥ ಟ್ರೆಮೊಲೊ ಕೇಳುತ್ತದೆ. ಇದನ್ನು ಒಂದು ತಿಂಗಳು ಮಾಡಿ ಇನ್ನೂ ಬೇಕು ಎನ್ನುವ ಮಗಳಿಗೆ ಪೆಡಲ್ ಕೊಡಿಸಿದರೆ ನಷ್ಟವಿಲ್ಲ. ಹಳೆಯದನ್ನು ಕೊಳ್ಳುವಾಗ ಮೂರೂ ಗುಂಡಿಗಳನ್ನು ತಿರುಗಿಸಿ ಕರಕರ ಸದ್ದು ಬರುವುದೇ ಎಂದು, ಕಾಲಗುಂಡಿಯನ್ನು ಹತ್ತಾರು ಸಲ ಒತ್ತಿ ಪ್ರತಿಸಲವೂ ಹಿಡಿಯುವುದೇ ಎಂದು ನೋಡಬೇಕು. ಬ್ಯಾಟರಿ ಇಡುವ ಗೂಡಿನಲ್ಲಿ ಹಸಿರು ಕಿಲುಬು ಇದ್ದರೆ ಬೆಲೆ ಇಳಿಸಿ ಕೇಳಬಹುದು.

ಮನೆಯಲ್ಲಿ ಬಿದ್ದಿರುವ ಅಡಾಪ್ಟರನ್ನು ಇದಕ್ಕೆ ಚುಚ್ಚುವ ಚಪಲ ಎಲ್ಲರಿಗೂ. ಇಂಥ ಪೆಡಲ್‌ಗಳು ಸಾಮಾನ್ಯವಾಗಿ ಬೇಡುವುದು 9 ವೋಲ್ಟ್ ಡಿ.ಸಿ., ಅದೂ ನಡುವಿನ ತುದಿ ಋಣ. ಕೀಬೋರ್ಡಿನ ಅಡಾಪ್ಟರುಗಳಲ್ಲಿ ಹಲವು 12 ವೋಲ್ಟಿನವು, ನಡುವೆ ಧನ ಇರುವಂಥವು. ತುದಿ ಸರಿಯಾಗಿ ಕೂತರೂ ಒಳಗೆ ಸುಡಬಹುದು. ಅಡಾಪ್ಟರಿನ ಬೆನ್ನಿನ ಮೇಲಿನ ಅಂಕಿ ಮತ್ತು ಧನ-ಋಣ ಚಿತ್ರವನ್ನು ಪೆಡಲಿನ ಮೇಲಿರುವುದರೊಂದಿಗೆ ಹೋಲಿಸಿಯೇ ಜೋಡಿಸಬೇಕು. ‘ಗುಂಯ್’ ಸದ್ದು ಬರುತ್ತದೆಂದು ಆಂಪ್ಲಿಫೈಯರಿನ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವ ಹುಡುಗರಿದ್ದಾರೆ. ಅವರ ಕೈಲಿರುವ ಗಿಟಾರಿನ ತಂತಿ ಲೋಹದ್ದು ಎಂಬುದನ್ನು ಅಪ್ಪಂದಿರು ನೆನಪಿಸಬೇಕು.

ಮುಂದಿನ ಅಭ್ಯಾಸದ ದಿನ ಹುಡುಗಿ ಡೆಪ್ತನ್ನು ಅರ್ಧಕ್ಕೆ ಇಳಿಸಿ, ಆಂಪ್ಲಿಫೈಯರನ್ನು ಒಂದು ಗೆರೆ ಏರಿಸಿ, ಹಾಡನ್ನು ತಾನೇ ಶುರುಮಾಡುತ್ತಾಳೆ. ಡ್ರಮ್ಸ್ ಹುಡುಗ ಎರಡು ಆವರ್ತ ಕೇಳಿ ಸೇರಿಕೊಳ್ಳುತ್ತಾನೆ. ಹಾಡು ಮುಗಿಯುವವರೆಗೆ ಯಾರೂ ನಿಲ್ಲಿಸದಿದ್ದರೆ ಅದೇ ಮೆಚ್ಚುಗೆ. ಅವಳು ಮರೆಯಬಾರದ್ದು ಒಂದಿದೆ. ಬ್ಯಾಟರಿಯಲ್ಲಿ ನಡೆಯುವಾಗ ಇಂಥ ಪೆಡಲಿನಲ್ಲಿ ಗಿಟಾರಿನ ತಂತಿ ಚುಚ್ಚುವ ತೂತೇ ವಿದ್ಯುತ್ತಿನ ಸ್ವಿಚ್ಚು. ಕಾಲಗುಂಡಿ ಆರಿಸಿದರೂ ತಂತಿ ಚುಚ್ಚಿದ್ದರೆ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಆದ್ದರಿಂದ ಮಲಗುವ ಮುಂಚೆ ಆ ತಂತಿಯನ್ನು ಎಳೆದಿಡಬೇಕು, ವಾರ್ಷಿಕೋತ್ಸವದ ದಿನ ಚೀಲದಲ್ಲಿ ಇನ್ನೊಂದು 9 ವೋಲ್ಟಿನ ಹೊಸ ಬ್ಯಾಟರಿ ಇರಬೇಕು.